ವಸುವಿನ ಬೆನ್ನು, ಅಮ್ಮನ ಹರಕೆ

ಹೋದ ವಾರ ಶೋಳಿಂಗನಲ್ಲೂರಿನ ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯವರು ಫಾಲ್ಸ್ ಸೀಲಿಂಗ್ ಹಾಕಿಸುತ್ತಿದ್ದರು. ಲಿಫ್ಟ್ ಎಂದಿನಂತೆ ಕೆಟ್ಟಿತ್ತು, ಮೊಸರು ತರೋಣವೆಂದು ಮೆಟ್ಟಿಲಿಳಿಯುತ್ತಿದ್ದೆ. ಅವರ ಬಾಗಿಲು ತೆರೆದಿತ್ತು. ಕೆಲಸದವನೊಬ್ಬ ಬಾಂಡಲಿಯಲ್ಲಿ ಬಿಳಿ ಪುಡಿಗೆ ನೀರು ಸುರಿದು ಕಲಸುತ್ತಿದ್ದ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕಂಬಿ ಹಿಡಿದು ಅಲ್ಲೇ ನಿಂತುಬಿಟ್ಟೆ. ‘ಎನ್ನಮ್ಮಾ, ತಲೆ ಸುತ್ತುದಾ?’ ಎಂದು ಅವನು ಕೇಳಿದ. ಏನಿಲ್ಲಪ್ಪ ಎಂದು ಹೇಳಿ ಹೊರಟೆ. ಬೀದಿ ಕೊನೆಯವರೆಗೆ ಹೋಗಿ, ಮೊಸರು ಮರೆತು, ಬರಿಗೈಯಲ್ಲಿ ವಾಪಸು ಬಂದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದರೆ ಎಲ್ಲರಿಗೂ ಗಣಪತಿ ನೆನಪಾಗಬಹುದು, ದಸರಾ ಗೊಂಬೆ ನೆನಪಾಗಬಹುದು. ನನಗೆ ವಸುವಿನ ಬೆನ್ನು ನೆನಪಾಗುತ್ತದೆ. ವಸು ನನ್ನ ಅಣ್ಣನ ಮಗಳು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಅವಳಿಗೆ ಒಂಬತ್ತು ತುಂಬಿತ್ತು. ಮದರಾಸಿನಲ್ಲಿ ನೀರಿಗೆ ಪರದಾಡಿದ ವರ್ಷ ಅದು.

ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹಿಂದಿನ ಒಂದು ಸಂದಿಯಲ್ಲಿ ಮಹಡಿ ಮನೆ ನಮ್ಮದು. ಮೂಲದಲ್ಲಿ ಹೊಸೂರು ಕಡೆಯವರು. ಅಪ್ಪ ತೀರಿಕೊಂಡ ಮೇಲೆ ಅಣ್ಣನೇ ಮನೆಗೆ ಯಜಮಾನ, ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ಅತ್ತಿಗೆಯ ಮಡಿಲಲ್ಲಿ ಕೈಗೂಸು. ನನ್ನ ಅಮ್ಮ, ಅಂದರೆ ವಸುವಿನ ಅಜ್ಜಿ, ಮಡಿ, ಏಕಾದಶಿ, ರಾಯರ ಮಠ ಎಂದುಕೊಂಡು ಇದ್ದವಳು. ನಾನು ಬಿ.ಎ. ಮುಗಿಸಿ, ಟೈಪಿಂಗ್ ಕಲಿಯುತ್ತ, ಕೆಲಸಕ್ಕೋ ಮದುವೆಗೋ ಯಾವುದು ಮೊದಲು ಬರುತ್ತದೋ ಎಂದು ಕಾಯುತ್ತಿದ್ದೆ. ಮನೆಯಲ್ಲಿ ಪುರುಸೊತ್ತಾಗಿದ್ದವಳು ನಾನೊಬ್ಬಳೇ. ಹಾಗಾಗಿ ವಸುವನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ಹಿಂದಿನ ವರ್ಷ ಅವಳ ಕೊರಳ ಮೂಳೆ ಊದಿಕೊಂಡಿತ್ತು. ಶಾಲೆಯ ಉಯ್ಯಾಲೆಯಿಂದ ಬಿದ್ದಿರಬೇಕು ಎಂದುಕೊಂಡು ಶಾಖ ಕೊಟ್ಟೆವು, ತಾನಾಗಿ ಇಳಿಯಿತು. ಅಂಗೈಯಲ್ಲಿ ಆಗಾಗ ಸಣ್ಣ ಸಣ್ಣ ಕೀವಿನ ಗುಳ್ಳೆಗಳು ಏಳುತ್ತಿದ್ದವು. ಸಂದಿಯ ಕೊನೆಯ ಡಾಕ್ಟರು ಮುಲಾಮು ಕೊಟ್ಟಿದ್ದರು. ಕೊರಳಿಗೂ ಕೈಗೂ ಏನು ನಂಟು, ಯಾರಿಗೆ ಹೊಳೆಯಬೇಕು?

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಬೆನ್ನು ನೋವು ಶುರುವಾಯಿತು. ವಸು ನಮ್ಮ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಅಜ್ಜಿಯ ಹೆದರಿಕೆಯಿಂದ, ಉಳಿದದ್ದೆಲ್ಲ ತಮಿಳು. ಬೆಳಿಗ್ಗೆ ಎದ್ದವಳು ಹಾಸಿಗೆಯ ಮೇಲೆ ಕೂತು, ‘ಅತ್ತೆ, ಮುದುಗು ವಲಿಕ್ಕುದು’ ಎನ್ನುತ್ತಿದ್ದಳು. ಬೆನ್ನು ನೋಯ್ತಿದೆ ಅನ್ನು, ಎಂದು ಅಮ್ಮ ಒಳಗಿನಿಂದಲೇ ತಿದ್ದುತ್ತಿದ್ದಳು. ಪುಸ್ತಕದ ಚೀಲ ಭಾರ ಎಂದು ಅಣ್ಣ, ಬಿಸಿಲಿಗೆ ಉಷ್ಣ ಎಂದು ಅಮ್ಮ. ಎಣ್ಣೆ ಹಚ್ಚಿದ್ದಾಯಿತು, ಹರಳೆಲೆ ಬಿಸಿ ಮಾಡಿ ಕಟ್ಟಿದ್ದಾಯಿತು. ಒಂದು ದಿನ ಅವಳು ಮೆಟ್ಟಿಲ ಮಧ್ಯೆ ಗೋಡೆ ಹಿಡಿದು ನಿಂತು, ಮೇಲೂ ಬಾರದೆ ಕೆಳಗೂ ಹೋಗದೆ ಅಳತೊಡಗಿದಾಗ ನಮ್ಮ ಮನೆಯ ವೈದ್ಯವೆಲ್ಲ ಮುಗಿಯಿತು.

ದೊಡ್ಡ ಆಸ್ಪತ್ರೆಗೆ ಹೋದೆವು. ಅದರ ಹೆಸರು ಇಲ್ಲಿ ಬೇಡ. ದೊಡ್ಡ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆನ್ನುಮೂಳೆಯ ಮಣಿಗಳಲ್ಲಿ ಒಂದು ಮುಂಭಾಗದಲ್ಲಿ ಕುಸಿಯುತ್ತಿದೆ, ಇದು ಕ್ಷಯ ಎಂದರು. ಅಣ್ಣ ಅವಳು ಉಳಿಯುತ್ತಾಳಾ ಎಂದು ಕೇಳಿದ. ಉಳಿಯುತ್ತಾಳೆ, ಜೀವಕ್ಕೆ ಏನಿಲ್ಲ, ಆದರೆ ಮೂಳೆ ಇನ್ನೂ ಕುಸಿದರೆ ಬೆನ್ನು ಗೂನಾಗುತ್ತದೆ, ನರದ ಮೇಲೆ ಒತ್ತಿದರೆ ಕಾಲುಗಳ ಶಕ್ತಿ ಹೋಗಬಹುದು ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ಆ ಒಂದು ಮಣಿ ನಿಲ್ಲಬೇಕು, ಹುಡುಗಿ ನಡೆಯುವ ಹಾಗಿರಬೇಕು, ಅಷ್ಟೇ.

ಎಲ್ಲರಿಗೂ ಬರುವ ಕ್ಷಯದ ಹಾಗೇ ಇರಲಿಲ್ಲ ಅವಳದ್ದು. ಕೆಮ್ಮಿಲ್ಲ, ತೂಕ ಇಳಿದಿರಲಿಲ್ಲ, ಮನೆಯಲ್ಲಿ ಯಾರಿಗೂ ಅದು ಇರಲಿಲ್ಲ. ಆದರೂ ನಮ್ಮ ದೇಶದಲ್ಲಿ ಮಗುವಿನ ಬೆನ್ನುಮೂಳೆ ಕುಸಿದರೆ ಕ್ಷಯ ಎನ್ನುವುದೇ ಲೆಕ್ಕ. ಡಾಕ್ಟರ ಮೇಲೆ ನನಗೆ ಇವತ್ತೂ ಸಿಟ್ಟಿಲ್ಲ. ನೂರು ಮಕ್ಕಳಲ್ಲಿ ಅವರು ಹೇಳಿದ್ದು ಬಹುಪಾಲು ಮಕ್ಕಳಿಗೆ ಸರಿಯಾಗಿರುತ್ತಿತ್ತು. ನಮ್ಮ ವಸು ಆ ಬಹುಪಾಲಿನಲ್ಲಿ ಇರಲಿಲ್ಲ, ಅಷ್ಟೇ.

ನೆಂಟರಿಷ್ಟರಿಗೆ ಬೆನ್ನು ಹಿಡ್ಕೊಂಡಿದೆ ಎಂದು ಹೇಳಿದೆವು. ಕೆಳಗಿನ ಮನೆಯ ಓನರಮ್ಮನಿಗೆ ಹೇಗೋ ಗೊತ್ತಾಯಿತು. ಅವರ ಮಕ್ಕಳು ಮೇಲೆ ಆಡಲು ಬರುವುದು ನಿಂತಿತು. ಮೂಳೆಯದ್ದು ಅಂಟುವುದಿಲ್ಲ ಎಂದು ನಾನೇ ಹೋಗಿ ಹೇಳಿ ಬಂದೆ. ಆಕೆ ತಲೆಯಾಡಿಸಿ, ಕಾಫಿ ಕೊಟ್ಟು, ಮಕ್ಕಳನ್ನು ಮಾತ್ರ ಕಳಿಸಲಿಲ್ಲ.

ಪ್ಲಾಸ್ಟರ್ ಹಾಕಿದ ದಿನ ನಾನು ಆ ಕೋಣೆಯಲ್ಲಿದ್ದೆ. ವಸುವಿನ ಗಲ್ಲದ ಕೆಳಗೆ ಪಟ್ಟಿ ಕಟ್ಟಿ, ಕೈಗಳನ್ನು ಮೇಲೆತ್ತಿಸಿ, ತುದಿಗಾಲಲ್ಲಿ ನಿಲ್ಲಿಸಿದರು. ಇಬ್ಬರು ಒದ್ದೆ ಪಟ್ಟಿಗಳನ್ನು ಎದೆಯಿಂದ ಸೊಂಟದವರೆಗೆ ಸುತ್ತುತ್ತ ಹೋದರು. ಆ ಹಿಟ್ಟು ಗಟ್ಟಿಯಾಗುವಾಗ ಬಿಸಿಯಾಗುತ್ತದೆ ಎಂದು ಯಾರೂ ನಮಗೆ ಮೊದಲೇ ಹೇಳಿರಲಿಲ್ಲ. ‘ಸುಡ್ತಿದೆ ಅತ್ತೆ’ ಎಂದಳು ವಸು, ಅಪರೂಪಕ್ಕೆ ಶುದ್ಧ ಕನ್ನಡದಲ್ಲಿ. ನಾನು ಅವಳ ಪಾದ ಹಿಡಿದುಕೊಂಡು ಕೂತೆ. ಮುಟ್ಟಲು ಸಿಕ್ಕಿದ್ದು ಅದೊಂದೇ ಜಾಗ.

ಮದರಾಸಿನವರು ಕತ್ತರಿ ಎನ್ನುವ ನಡುಬೇಸಿಗೆಯ ಬಿಸಿಲಿನಲ್ಲಿ ಮೈಮೇಲೆ ಒಂದು ಗೋಡೆ ಹೊತ್ತುಕೊಂಡು ತಿರುಗುವುದೆಂದರೆ ಏನೆಂದು ಆ ಮಗುವನ್ನು ನೋಡಿದವರಿಗೇ ಗೊತ್ತು. ಒಳಗೆ ಬೆವರು, ಬೆವರಿಗೆ ತುರಿಕೆ. ಬೀಸಣಿಗೆಯ ಹಿಡಿಯನ್ನು ಕೊರಳ ಬಳಿಯಿಂದ ಇಳಿಬಿಟ್ಟು ಕೆರೆದುಕೊಳ್ಳುತ್ತಿದ್ದಳು. ಒಮ್ಮೆ ಮೈಸೂರುಪಾಕಿನ ಪುಡಿ ಒಳಗೆ ಬಿದ್ದು ಇರುವೆ ಹೊಕ್ಕವು. ಅತ್ತಿಗೆ ಕೂಸನ್ನು ನನ್ನ ಕೈಗೆ ತುರುಕಿ, ಪ್ಲಾಸ್ಟರಿನೊಳಗೆ ಬಾಯಿಟ್ಟು ಉಫ್ ಉಫ್ ಎಂದು ಊದುತ್ತ ಕೂತಿದ್ದಳು, ಊದುತ್ತಲೇ ಅಳುತ್ತಿದ್ದಳು. ಬೆಳಗಾದರೆ ಇಂಜೆಕ್ಷನ್. ಸೈಕಲ್ ರಿಕ್ಷಾದಲ್ಲಿ ಅವಳಿಗೆ ಒರಗಿ ಕೂರಲು ಆಗುತ್ತಿರಲಿಲ್ಲ, ಹಳ್ಳ ಸಿಕ್ಕಾಗಲೆಲ್ಲ ನನ್ನ ಮಂಡಿ ಹಿಡಿದುಕೊಳ್ಳುತ್ತಿದ್ದಳು. ಮಾತ್ರೆಗೆ ಮೂತ್ರ ಕಿತ್ತಳೆ ಬಣ್ಣವಾಗುವುದನ್ನು ಮಾತ್ರ ತಮಾಷೆ ಎಂದು ತಮ್ಮನಿಗೆ ತೋರಿಸಲು ಕರೆಯುತ್ತಿದ್ದಳು. ಅವನಿಗಿನ್ನೂ ಕತ್ತೇ ನಿಂತಿರಲಿಲ್ಲ.

ಆ ಬೇಸಿಗೆಯಲ್ಲಿ ಅಮ್ಮ ಬದಲಾದದ್ದನ್ನು ನಾನು ಹೇಳಬೇಕು. ಪ್ಲಾಸ್ಟರಿಗೆ ನೀರು ತಾಗಬಾರದು. ಆದ್ದರಿಂದ ವಸುವಿಗೆ ಸ್ನಾನವಿಲ್ಲ, ಸ್ನಾನವಿಲ್ಲದ ಮಗುವನ್ನು ಅಮ್ಮ ಮಡಿಯಲ್ಲಿ ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಮೀಯಬೇಕು, ಮೀಯಲು ನೀರೆಲ್ಲಿ? ಲಾರಿ ಬಂದಾಗ ಕೊಡ ಹಿಡಿದು ಬೀದಿಯಲ್ಲಿ ಜಗಳವಾಡಿದರೆ ಕುಡಿಯುವುದಕ್ಕೆ ಸಿಕ್ಕರೆ ಪುಣ್ಯ. ಮೊದಮೊದಲು ಅಮ್ಮ ಪೂಜೆ, ಊಟ ಎಲ್ಲ ಮುಗಿಯುವವರೆಗೂ ಹೊಸ್ತಿಲಾಚೆ ನಿಂತು ಕತೆ ಹೇಳುತ್ತಿದ್ದಳು. ಒಂದು ಬೆಳಿಗ್ಗೆ ವಸು ನೋವಿಗೆ ನರಳಿದಾಗ, ಒದ್ದೆ ಸೀರೆಯಲ್ಲೇ ಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಮತ್ತೆ ಮೀಯಲಿಲ್ಲ, ಹಾಗೇ ಒಳಗೆ ಹೋಗಿ ನೈವೇದ್ಯಕ್ಕಿಟ್ಟಳು. ನಲವತ್ತು ವರ್ಷದ ಮಡಿ ಅಂದು ಸಡಿಲವಾಯಿತು. 

ಮಳೆಗಾಲಕ್ಕೆ ಇನ್ನೂ ಸಮಯವಿರುವಾಗಲೇ ನೋವು ಇಳಿಯತೊಡಗಿತು. ಒಂದು ವಾರ ವಸು ನರಳಲಿಲ್ಲ, ಇನ್ನೊಂದು ವಾರ ರಾತ್ರಿ ಪೂರ್ತಿ ಮಲಗಿದಳು. ಮನೆಯಲ್ಲಿ ಹಬ್ಬ. ಇಂಜೆಕ್ಷನ್ನಿನ ಗುಣ ಎಂದು ಅಣ್ಣ, ವಡಪಳನಿ ಮುರುಗನಿಗೆ ತಾನು ಹೇಳಿಕೊಂಡದ್ದು ಫಲಿಸಿತು ಎಂದು ಓನರಮ್ಮ. ಅಮ್ಮ ರಾಯರ ಪಟಕ್ಕೆ ಎರಡು ತುಪ್ಪದ ದೀಪ ಹಚ್ಚಿದಳು. ನೋವಿಗೆ ತನ್ನದೇ ಏಳುವ ಹೊತ್ತು, ಮಲಗುವ ಹೊತ್ತು ಇರಬಹುದು, ನಮ್ಮ ಯಾರ ಕೈವಾಡವೂ ಇಲ್ಲದೆ ಅದು ಬಂದು ಹೋಗಬಹುದು ಎಂದು ಯಾರಿಗೂ ಅನ್ನಿಸಲಿಲ್ಲ.

ಪ್ಲಾಸ್ಟರ್ ಕತ್ತರಿಸಿದರು. ಒಳಗಿನಿಂದ ಬಂದ ಹುಡುಗಿ ಸಿಪ್ಪೆ ಸುಲಿದ ಗೆಣಸಿನ ಹಾಗೆ ಬಿಳಿಚಿ ತೆಳ್ಳಗಾಗಿದ್ದಳು. ದೊಡ್ಡ ಡಾಕ್ಟರು ಮೆಚ್ಚಿ, ಇನ್ನೂ ಕೆಲವು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಣ್ಣ ಅದನ್ನು ಮನೆಗೆ ಬಂದು ಎಲ್ಲರಿಗೂ ಕನ್ನಡದಲ್ಲಿ ಹೇಳಿದ. ನಾವು ಅದನ್ನು ಕಣ್ಣಿಗೆ ಒತ್ತಿಕೊಂಡು ಪಾಲಿಸಿದೆವು. ಪೆನ್ಸಿಲ್ ಬಿದ್ದರೆ ಎತ್ತಿಕೊಡುತ್ತಿದ್ದೆವು. ಚಪ್ಪಲಿಯನ್ನು ಅತ್ತಿಗೆ ಹಾಕುತ್ತಿದ್ದಳು. ನೀರಿನ ಚೊಂಬನ್ನು ಮುಟ್ಟಲು ಬಿಡುತ್ತಿರಲಿಲ್ಲ. ಹಗ್ಗದಾಟದ ಹಗ್ಗವನ್ನು ಅಟ್ಟದ ಮೇಲೆ ಎಸೆದದ್ದು ನಾನೇ.

ಆಗ ಅಮ್ಮ ಹರಕೆಯ ವಿಷಯ ಹೇಳಿದಳು. ನೋವು ಹೆಚ್ಚಿದ್ದ ದಿನಗಳಲ್ಲಿ, ಮಗು ಎದ್ದು ಓಡಾಡಿದರೆ ಅವಳ ಕೈಯಲ್ಲೇ ಹೆಜ್ಜೆ ನಮಸ್ಕಾರ ಮಾಡಿಸುತ್ತೇನೆ ಎಂದು ರಾಯರಿಗೆ ಹೇಳಿಕೊಂಡಿದ್ದಳಂತೆ. ಬೃಂದಾವನದ ಸುತ್ತ ಒಂದೊಂದು ಹೆಜ್ಜೆಗೂ ಒಂದೊಂದು ನಮಸ್ಕಾರ. ಹೆಂಗಸರಾದ್ದರಿಂದ ಉದ್ದಂಡ ಬೀಳುವುದಿಲ್ಲ, ಮಂಡಿಯೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸಿ ಏಳಬೇಕು. ಮೂರು ಸುತ್ತು. ಅಣ್ಣ ಪಂಚಾಂಗ ನೋಡಿ ಒಂದು ಗುರುವಾರ ಗೊತ್ತು ಮಾಡಿದ.

ಆವತ್ತು ಐದೂ ಜನ ದೊಡ್ಡವರು, ಓನರಮ್ಮನನ್ನೂ ಸೇರಿಸಿ, ಮಠದ ಪ್ರಾಂಗಣದಲ್ಲಿ ನಿಂತಿದ್ದೆವು. ವಸು ಹಸಿರು ಲಂಗ ಎತ್ತಿ ಹಿಡಿದು, ಒಂದು ಹೆಜ್ಜೆ, ಒಂದು ನಮಸ್ಕಾರ, ಇನ್ನೊಂದು ಹೆಜ್ಜೆ, ಇನ್ನೊಂದು ನಮಸ್ಕಾರ ಎಂದು ಸುತ್ತಿದಳು. ತಿಂಗಳುಗಟ್ಟಲೆ ಮರದ ಹಲಗೆಯಾಗಿದ್ದ ಮೈ ಮಡಚುವುದೇ ಅವಳಿಗೆ ಸಂಭ್ರಮ, ಏಳುವಾಗಲೆಲ್ಲ ನಮ್ಮನ್ನು ನೋಡಿ ನಗುತ್ತಿದ್ದಳು. ಅತ್ತಿಗೆ ಕಣ್ಣೊರೆಸಿಕೊಂಡಳು. ಅಮ್ಮನ ಮುಖದಲ್ಲಿ ಅಂಥ ನೆಮ್ಮದಿಯನ್ನು ಅಪ್ಪ ಹೋದ ಮೇಲೆ ನಾನು ಕಂಡಿರಲಿಲ್ಲ. ಪೆನ್ಸಿಲ್ ಎತ್ತಲು ಬಿಡದ ನಾವು ಯಾರೂ, ಒಬ್ಬರೆಂದರೆ ಒಬ್ಬರೂ, ಇದನ್ನು ಬಗ್ಗುವುದು ಎಂದುಕೊಳ್ಳಲಿಲ್ಲ. ಬಗ್ಗುವುದು ಎಂದರೆ ನೆಲ ಒರೆಸುವುದು, ಕೊಡ ಎತ್ತುವುದು. ನಮಸ್ಕಾರ ನಮ್ಮ ಮನೆಯಲ್ಲಿ ಮೈಯ ಕೆಲಸಗಳ ಪಟ್ಟಿಗೆ ಸೇರಿದ್ದೇ ಅಲ್ಲ.

ತಮಿಳರ ಐಪ್ಪಸಿ ತಿಂಗಳ ಮಳೆ ಹಿಡಿಯಿತು. ವರ್ಷವಿಡೀ ಬಾರದ ನೀರು ಸಂದಿಯಲ್ಲಿ ಮೊಣಕಾಲುದ್ದ ನಿಂತಿತು. ಆ ಮಳೆಯಲ್ಲೇ ವಸುವಿನ ನೋವು ತಿರುಗಿ ಬಂತು, ಈ ಸಲ ಬೆನ್ನಿನ ಇನ್ನೂ ಮೇಲೆ, ಜೊತೆಗೆ ಬಲಗಾಲಿನ ಮೂಳೆಯಲ್ಲೂ. ಅಣ್ಣ ಅವಳನ್ನು ಹೆಗಲ ಮೇಲೆ ಹೊತ್ತು ನೀರಿನಲ್ಲಿ ನಡೆದ. ಅಮ್ಮನೂ ಆ ದಿನ ಹಠ ಹಿಡಿದು ಜೊತೆಗೆ ಬಂದಳು.

ಹೊಸ ಎಕ್ಸ್‌ರೇ ನೋಡಿ ದೊಡ್ಡ ಡಾಕ್ಟರ ಮುಖ ಕೆಂಪಾಯಿತು. ಹಳೆಯ ಮಣಿ ನಾಣ್ಯದಷ್ಟು ಚಪ್ಪಟೆಯಾಗಿತ್ತು, ಮೇಲಿನ ಇನ್ನೊಂದರಲ್ಲೂ ಕಲೆ ಕಾಣುತ್ತಿತ್ತು. ಮಗು ಬಗ್ಗಿದ್ದಳಾ, ಏನಾದರೂ ಎತ್ತಿದ್ದಳಾ ಎಂದು ತಮಿಳಿನಲ್ಲಿ ಗದರಿದರು. ಇಲ್ಲವೇ ಇಲ್ಲ, ಪೆನ್ಸಿಲ್ ಕೂಡ ಎತ್ತಿಸಿಲ್ಲ ಎಂದ ಅಣ್ಣ. ಅವನು ಸುಳ್ಳಾಡಿದ್ದಲ್ಲ. ಮೇಜಿನ ಮೇಲೆ ಮಲಗಿದ್ದ ವಸುವೇ, ತನಗೆ ಗೊತ್ತಿರುವುದನ್ನು ಹೇಳುವ ಉತ್ಸಾಹದಲ್ಲಿ, ‘ನಮಸ್ಕಾರಂ ಪಣ್ಣೇನ್, ಡಾಕ್ಟರ್. ಕೋವಿಲ್ಲೆ. ಮೂಣು ಸುತ್ತು’ ಎಂದಳು. ದೇವಸ್ಥಾನದಲ್ಲಿ ಮೂರು ಸುತ್ತು ನಮಸ್ಕಾರ ಮಾಡಿದೆ ಎಂದು ಹೇಳಿ, ಬಾಗಿ ಏಳುವುದನ್ನು ಕೈಯಲ್ಲೇ ಮಾಡಿ ತೋರಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಅಮ್ಮನಿಗೆ ತಮಿಳು ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಅವಳು ಬೆಂಚಿನ ಮೇಲೆ ಕೂತಳು.

ಕ್ಷಯಕ್ಕೆ ಇಷ್ಟು ಔಷಧ ಕೊಟ್ಟೂ ಹೊಸ ಜಾಗಕ್ಕೆ ಹರಡಿದ್ದು ಹೇಗೆ ಎಂದು ಅವರಿಗೂ ಅನುಮಾನ ಬಂತು. ಬೆನ್ನು ಕೊಯ್ದು ಮೂಳೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಯಾವ ಕ್ರಿಮಿಯೂ ಸಿಗಲಿಲ್ಲ. ಕಾಲಿನ ಮೂಳೆಯಿಂದಲೂ ತೆಗೆದರು, ಅದರಲ್ಲೂ ಇಲ್ಲ. ಆಗ ಅದೇ ವಿಭಾಗಕ್ಕೆ ಹೊಸದಾಗಿ ಬಂದಿದ್ದ, ಹೊರದೇಶದಲ್ಲಿ ಓದಿದ್ದ ಡಾಕ್ಟರೊಬ್ಬರು ವಸುವಿನ ಅಂಗೈ ಬಿಡಿಸಿ ಗುಳ್ಳೆಗಳನ್ನು ನೋಡಿದರು, ಕೊರಳ ಮೂಳೆ ಮುಟ್ಟಿ ನೋಡಿದರು. ನನ್ನನ್ನೂ ಅಣ್ಣನನ್ನೂ ಕೂರಿಸಿ ಗೂಡ್ಸ್ ಗಾಡಿಯಷ್ಟು ಉದ್ದದ ಒಂದು ಹೆಸರು ಹೇಳಿದರು. ತಾನು ಓದಿದ್ದು ಬಿಟ್ಟರೆ ಕಣ್ಣಾರೆ ಕಾಣುತ್ತಿರುವುದು ಇದೇ ಮೊದಲು ಎಂದು ಒಪ್ಪಿಕೊಂಡರು. ಮೂಳೆಗಳು ಅಲ್ಲಲ್ಲಿ ತಾವಾಗಿ ಉರಿಯುತ್ತವೆ, ಕ್ರಿಮಿಯಿಲ್ಲ, ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಬೆನ್ನಿಗೆ ಬಂದರೆ ಮಾತ್ರ ಕಷ್ಟ, ಕುಸಿದದ್ದು ಪೂರ್ತಿ ಮೊದಲಿನಂತಾಗುತ್ತದೆ ಎಂದು ಹೇಳಲಾಗದು. ಔಷಧ ಏನು ಎಂದ ಅಣ್ಣ. ಕೀಲುನೋವಿಗೆ ಕೊಡುವ ಮಾತ್ರೆ ಕೊಡೋಣ, ಬೆನ್ನಿಗೆ ಪಟ್ಟಿ ಹಾಕೋಣ, ಕಾಯೋಣ ಎಂದರು. ಎಷ್ಟು ದಿನ ಎಂದ. ಅವಳು ದೊಡ್ಡವಳಾಗುವವರೆಗೆ ಎಂದರು.

ಹೊರಗೆ ಬಂದು ಅಣ್ಣ ಮಳೆಯಲ್ಲಿ ನಿಂತು ನಕ್ಕುಬಿಟ್ಟ, ಅವನಿಗೇ ತಡೆಯಲಾಗಲಿಲ್ಲ. ಕ್ಷಯವಾಗಿದ್ದರೆ ಬೈಯಲು ಒಂದು ಕ್ರಿಮಿಯಾದರೂ ಇರುತ್ತಿತ್ತು. ಇದಕ್ಕೆ ಯಾರನ್ನು ಹಿಡಿದು ಕೇಳಬೇಕು? ಆ ವರ್ಷ ನಾವು ಹುಡುಗಿಗೆ ಚುಚ್ಚಿಸಿದ ಸೂಜಿ, ಕಟ್ಟಿಸಿದ ಗೋಡೆ, ಎಲ್ಲ ಯಾವುದೋ ಬೇರೆ ರೋಗಕ್ಕೆ ಮಾಡಿದ ಉಪಚಾರ.

ನಾನು ಹಿಂದಕ್ಕೆ ಹೋಗಿ ಹೊಸ ಡಾಕ್ಟರನ್ನು ಒಂದು ಮಾತು ಕೇಳಿದೆ. ನಮಸ್ಕಾರ ಮಾಡಿದ್ದರಿಂದ ಮೂಳೆ ಕುಸಿಯಿತೇ? ಅವರು ಯೋಚಿಸಿದರು. ಕಾಲಿನಲ್ಲೂ ಬಂದಿದೆಯಲ್ಲ, ಅದಕ್ಕೆ ನಮಸ್ಕಾರ ಕಾರಣವಲ್ಲ, ಬೆನ್ನೂ ಹೇಗಿದ್ದರೂ ಕುಸಿಯುತ್ತಿತ್ತೋ ಏನೋ, ಬಹುಶಃ ನಮಸ್ಕಾರ ಕಾರಣವಲ್ಲ ಎಂದರು. ನಾನು ಮನೆಗೆ ಹೋಗಿ ಅಮ್ಮನಿಗೆ ಅದನ್ನೇ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಪಕ್ಕಕ್ಕಿಟ್ಟಳು.

‘ಖಂಡಿತ ಅಲ್ಲ ಅಂದ್ರಾ?’

‘ಬಹುಶಃ ಅಲ್ಲ ಅಂದ್ರು, ಅಮ್ಮ.’

ಅಮ್ಮ ಮತ್ತೆ ಮೊರ ಎಳೆದುಕೊಂಡಳು. ಖಂಡಿತ ಎಂದು ಹೇಳಿಬಿಡಬಹುದಿತ್ತಲ್ಲ ಎಂದು ಅತ್ತಿಗೆ ಆಮೇಲೆ ನನ್ನನ್ನು ದಬಾಯಿಸಿದಳು. ಹೇಳಿದ್ದರೂ ಅಮ್ಮ ನಂಬುತ್ತಿರಲಿಲ್ಲ, ನನ್ನ ಮುಖ ಓದಲು ಅವಳಿಗೆ ಬರುತ್ತಿತ್ತು.

ಮುಂದಿನದ್ದನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಆ ಮೇಲಿನ ಮಣಿ ನಿಂತಿತು, ಕಾಲುಗಳು ಉಳಿದವು. ನೋವು ಹದಿನಾರು ಹದಿನೇಳರವರೆಗೆ ಬಂದು ಹೋಗಿ ಮಾಡಿ, ಒಂದು ವರ್ಷ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ವಸು ಓದಿದಳು, ಬ್ಯಾಂಕಿಗೆ ಸೇರಿದಳು. ಬೆನ್ನು ಸ್ವಲ್ಪ ಬಾಗಿದೆ, ತಮ್ಮನ ಪಕ್ಕ ನಿಂತರೆ ಭುಜಕ್ಕೆ ಬರುತ್ತಾಳೆ. ಕೇಳಿದವರಿಗೆ, ನಮ್ಮ ಮನೇಲಿ ನನ್ನನ್ನ ಗಿಡದಲ್ಲೇ ಬಗ್ಗಿಸಿ ಬೆಳೆಸಿದ್ರು ಎಂದು ನಗುತ್ತಾಳೆ. ಅಮ್ಮ ಇಷ್ಟನ್ನೂ ನೋಡಲು ಇರಲಿಲ್ಲ.

ನನಗೆ ಆ ವರ್ಷ ಎಂದರೆ ಕಾರ್ತಿಕದ ಒಂದು ಸಂಜೆ. ನಮ್ಮ ಅಮ್ಮ ಕಳೆದುಹೋದ ಬೀಗದ ಕೈಗೂ ಹರಕೆ ಹೊರುತ್ತಿದ್ದವಳು. ಅಣ್ಣನ ಬಡ್ತಿಗೆ, ನನ್ನ ಪರೀಕ್ಷೆಗೆ, ಹಾಲಿನವನ ಹಸುವಿಗೆ ಕೂಡ ಹೇಳಿಕೊಳ್ಳುತ್ತಿದ್ದಳು. ಆ ಡಾಕ್ಟರ ಕೋಣೆಯಿಂದ ಬಂದ ಮೇಲೆ ವಸುವಿನ ಹೆಸರು ಅವಳ ಪ್ರಾರ್ಥನೆಯಲ್ಲಿ ಬರುವುದು ನಿಂತಿತ್ತು. ಎಲ್ಲರ ಹೆಸರನ್ನೂ ಗಟ್ಟಿಯಾಗಿ ಹೇಳಿ, ಅವಳದ್ದು ಬಂದಾಗ ಬಾಯಿ ಮುಚ್ಚಿಕೊಂಡು ಮಂಗಳಾರತಿ ಎತ್ತುತ್ತಿದ್ದಳು. ಅದನ್ನು ನಾನು ಗಮನಿಸಿದ್ದೆ. ವಸುವೂ ಗಮನಿಸಿದ್ದಾಳೆ ಎಂದು ಗೊತ್ತಿರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ನೋವು ಏರಿತು. ಮಾತ್ರೆ ಕೊಟ್ಟಾಗಿತ್ತು, ಮತ್ತೆ ಕೊಡುವಂತಿರಲಿಲ್ಲ. ಹೊರಗೆ ಮಳೆ. ವಸು ಹಾಸಿಗೆಯಲ್ಲಿ ಹಲ್ಲು ಕಚ್ಚಿಕೊಂಡು ಮಲಗಿದ್ದಳು. ನಾನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ, ನನಗೆ ಮಾಡಲು ಏನೂ ಇರಲಿಲ್ಲ. ಅಮ್ಮ ಆರತಿ ಮುಗಿಸಿ ಬಂದಳು.

‘ಅಜ್ಜಿ, ಎಲ್ಲಾರ್ಗೂ ಕೇಳ್ಕೊಂಡ್ಯಲ್ಲ. ನನಗೆ ಯಾಕೆ ಕೇಳಲ್ಲ?’ ಎಂದಳು ವಸು.

ಅಮ್ಮ ಸೆರಗು ಹಿಂಡುತ್ತ ನಿಂತಳು. ‘ಭಯ ಆಗತ್ತೆ, ಮಗು’ ಎಂದಳು.

ವಸು ಅಜ್ಜಿಯನ್ನೇ ನೋಡಿದಳು. ನೋವಿನಲ್ಲಿದ್ದ ಮಗುವಿಗೆ ಅಷ್ಟೊಂದು ವಿವೇಕ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ.

‘ಸರಿ, ಕೇಳ್ಬೇಡ. ಸುಮ್ನೆ ಪಕ್ಕದಲ್ಲಿ ಕೂತ್ಕೋ’ ಎಂದಳು.

ಅಮ್ಮ ಕೂತಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದಿದ್ದು, ಕೊನೆಗೆ ತನ್ನ ತೊಡೆಯ ಮೇಲೇ ಇಟ್ಟುಕೊಂಡಳು. ವಸು ಆ ಕೈಯನ್ನು ಎಳೆದು ತನ್ನ ಬೆನ್ನಿನ ಕೆಳಗೆ ಸೇರಿಸಿಕೊಂಡಳು.